ಎಡಕ್ಕೋ ಬಲಕ್ಕೋ

ಆಟಕ್ಕೆ ಕೂಡುವ ಮೊದಲು ಎಲ್ಲರೂ ತಮ್ಮ ತಮ್ಮ ‘ಕಿವಿಮಾತು’ ತೆಗೆದು ಸ್ಟೀಲಿನ ಡಬ್ಬಿಗೆ ಹಾಕಬೇಕು. ಅದು ಇಂದುಮತಿಯ ಮನೆಯ ಕಟ್ಟಪ್ಪಣೆ. ಯಾವ ಅಂಗಿ ತೊಡಬೇಕು, ರೊಟ್ಟಿ ಉಣ್ಣಬೇಕೋ ಅನ್ನವೋ ಎಂದು ದಿನವಿಡೀ ಕಿವಿಯಲ್ಲಿ ಉಸುರುವ ಕಡಲೆಕಾಳಿನಷ್ಟು ಯಂತ್ರವದು. ಅದನ್ನು ಕೇಳದೆ ಹುಬ್ಬಳ್ಳಿಯಲ್ಲಿ ಈಗ ಯಾರೂ ಹೊಸಿಲು ದಾಟುವುದಿಲ್ಲ. ತಾವೇ ಆರಿಸುವುದು ಹೇಗಿರುತ್ತದೆ ಎಂದು ನೋಡಲಿಕ್ಕೇ ಜನ ಇವಳು ಕಟ್ಟಿದ ಕಥೆಯಾಟಕ್ಕೆ ಬರುತ್ತಿದ್ದರು.

“ಕಾಡಿನ್ಯಾಗ ದಾರಿ ಎರಡಾಗೇತಿ,” ಎಂದಳು ಇಂದುಮತಿ. “ಎಡಕ್ಕ ಹೋಗ್ತೀರೋ, ಬಲಕ್ಕೋ? ನೀವ ಹೇಳ್ರಿ ಕಾಕಾ.”

ಬಸೆಟ್ಟೆಪ್ಪ ಕಾಕಾನ ಕೈ ಬರಿದಾದ ಕಿವಿಗೆ ಹೋಯಿತು. ಹಣೆಯ ಮೇಲೆ ಬೆವರೊಡೆಯಿತು. ಉಳಿದವರು ಅವರ ಮುಖ ನೋಡಲಾಗದೆ ತಲೆ ತಗ್ಗಿಸಿದರು. ಬಟ್ಟಲಲ್ಲಿದ್ದ ಚಹಾ ಆರಿ ಕೆನೆಗಟ್ಟಿತು.

“ಎಡಕ್ಕ!” ಎಂದರು ಕಾಕಾ ಕೊನೆಗೆ, ಕಣ್ತುಂಬಿಕೊಂಡು. “ನಾನ ಹೇಳಿದ್ನಿ ನೋಡ್ರೀ. ಯಾರೂ ಹೇಳಿಕೊಡಲಿಲ್ಲ!”

ಎಡಕ್ಕೆ ಒಂದು ಹಾಳುಕೋಟೆ ಸಿಕ್ಕಿತು. ಬಲಕ್ಕೆ ಹೋಗಿದ್ದರೂ ಅದೇ ಕೋಟೆ ಸಿಗುತ್ತಿತ್ತು. ಇಂದುಮತಿ ಕಟ್ಟಿದ್ದೇ ಅದೊಂದನ್ನು.

“ಅಲ್ಲವಾ ತಂಗೀ, ಬಲಕ್ಕ ಹೋಗಿದ್ರ ಏನಿತ್ತು?” ಕಾಕಾ ಮಗುವಿನಂತೆ ಕೇಳಿದರು.

ಇಂದುಮತಿಯ ಕೂದಲ ಮರೆಯ ಕಿವಿಯಲ್ಲಿ, ಅವಳು ಒಮ್ಮೆಯೂ ತೆಗೆದಿಡದ ಕಿವಿಮಾತು ಮೆಲ್ಲಗೆ ಉಸುರಿತು: ‘ಹುಲಿ ಇತ್ತು ಎಂದು ಹೇಳಿ. ಒಳ್ಳೆಯದನ್ನೇ ಆರಿಸಿದಿರಿ ಎಂದೂ ಹೇಳಿ.’

“ಹುಲಿ ಇತ್ರಿ ಕಾಕಾ,” ಎಂದಳು ಇಂದುಮತಿ. “ಚಲೋದ ಆರಿಸಿದ್ರಿ.”