ಟವೆಲ್ಲಿನ ನಾಡಿ

"ಮಲಗಿರಬೇಕು ಅಕ್ಕ. ವಾಚಲ್ಲಿ ನಾಡಿ ಎಪ್ಪತ್ತೆರಡು ತೋರಿಸ್ತಿದೆ," ಎಂದು ಕಚೇರಿಯಿಂದ ಫೋನ್ ಮಾಡಿದ್ದ ಅಕ್ಕನಿಗೆ ಹೇಳುತ್ತಲೇ ಅವಳ ತಮ್ಮ ಚಾರ್ಜರ್, ಭಾವನ ಭುಜವನ್ನು ಮತ್ತೊಮ್ಮೆ ಅಲುಗಾಡಿಸಿದ. ಮರದ ಕುರ್ಚಿಯಲ್ಲಿ ಒರಗಿದ್ದ ಭಾವ ಕಣ್ಣು ತೆರೆಯಲಿಲ್ಲ.

ಯಾವ ಫೋನು ಕೊಳ್ಳಬೇಕು, ಯಾವ ಕಂಪನಿ ಟೋಪಿ ಹಾಕುತ್ತದೆ ಎಂದು ಊರಿಗೆಲ್ಲ ಪುಕ್ಕಟೆ ತೀರ್ಪು ಕೊಡುವವನಿಗೆ ಮನೆಯವರಿಟ್ಟ ಹೆಸರು ಚಾರ್ಜರ್. ಹೃದಯದ ಆಪರೇಷನ್ ಆದ ಭಾವನಿಗೆ ಈ ವಾಚು ಆರಿಸಿ ಕಟ್ಟಿದವನೂ ಅವನೇ. "ಇದು ಸುಳ್ಳು ಹೇಳಲ್ಲ ಭಾವ," ಅಂದಿದ್ದ. ಮೊನ್ನೆಯಷ್ಟೇ ಬೇರೊಂದು ಕಂಪನಿಯ ವಾಚನ್ನು ಸುರುಳಿ ಸುತ್ತಿದ ಟವೆಲ್ಲಿಗೆ ಕಟ್ಟಿ, ಅದಕ್ಕೂ ನಾಡಿ ತೋರಿಸುವುದನ್ನು ವಿಡಿಯೊ ಮಾಡಿ, ಆ ಕಂಪನಿಯ ಮಾನ ಹರಾಜು ಹಾಕಿದ್ದ. ಈ ವಾಚನ್ನು ಮಾತ್ರ ಟವೆಲ್ಲಿಗೆ ಕಟ್ಟಿ ನೋಡಿರಲಿಲ್ಲ.

ಅದು ನೆನಪಾಗಿದ್ದೇ ತಡ, ಅವನು ಬಗ್ಗಿ ವಾಚನ್ನು ಮತ್ತೆ ನೋಡಿದ; ಆಗಲೂ ಎಪ್ಪತ್ತೆರಡೇ. "ವಾಚು ಹಾಳಾಗ್ಲಿ, ಕೈ ಹಿಡಿದು ನೋಡೋ," ಎಂದಳು ಅಕ್ಕ. ಅವನು ವಾಚು ಬಿಚ್ಚಿ, ಭಾವನ ಮಣಿಕಟ್ಟಿನ ಮೇಲೆ ತನ್ನ ಹೆಬ್ಬೆರಳನ್ನು ಬಲವಾಗಿ ಒತ್ತಿದ. ಬಡಿತ ಸಿಕ್ಕಿತು. ದಡದಡ ಎನ್ನುವಷ್ಟು ಜೋರಾದ ಬಡಿತ.

"ಸಿಕ್ತು ಅಕ್ಕ. ಬಡೀತಿದೆ, ಹೆದರ್ಬೇಡ," ಎಂದ. ಆ ಕಡೆಯಿಂದ ಅಕ್ಕ ನಿಟ್ಟುಸಿರು ಬಿಟ್ಟಳು. ಇಷ್ಟು ಜೋರಾಗಿ ಎದೆ ಬಡಿಯುವವನು ಇಷ್ಟು ಅಲುಗಾಡಿಸಿದರೂ ಯಾಕೆ ಏಳುತ್ತಿಲ್ಲ ಎಂಬ ಅನುಮಾನ ಅವನಿಗೆ ಆಗ ಹುಟ್ಟಿತು. ಹೆಬ್ಬೆರಳನ್ನು ಮೆಲ್ಲನೆ ಎತ್ತಿ ಪಕ್ಕದಲ್ಲೇ ಕುರ್ಚಿಯ ತೋಳಿನ ಮೇಲೆ ಒತ್ತಿದ. ಅಲ್ಲೂ ಹೆಬ್ಬೆರಳಿನೊಳಗೆ ಅದೇ ದಡದಡ.

ಕುರ್ಚಿಗೂ ನಾಡಿಯಿತ್ತು.