ಕೆನ್ನೆಯ ಗುಳಿ

ಕೊಟ್ಟೂರೇಶನ ಕೈ ಎರಡನೇ ಸಲ ಏಳುವಷ್ಟರಲ್ಲಿ ತಂಗಿ ಕೃತಿಕಾ ಅಡ್ಡ ಬಂದಳು. ಅವನ ಹೆಂಡತಿ ಚೇತನಾ ಮೂಗಿನಿಂದ ರಕ್ತ ಸುರಿಸುತ್ತ ಗೋಡೆಗೊರಗಿ ಕುಸಿದಿದ್ದಳು.

"ನಂಗೆ ಹೇಳದೇನ ಹರಿಹರಕ್ಕೆ ತವರಿಗೆ ಹೋಗಿದ್ಲು. ಕಪಾಳಕ್ಕೆ ಒಂದು ಬಿಟ್ಟೆ, ಅಷ್ಟೆ," ಎಂದ.

ಮೆಡಿಕಲ್ ಕಾಲೇಜಿನಲ್ಲಿ ತಲೆಬುರುಡೆ ತಡವಿ ಕಲಿತ ಬೆರಳುಗಳನ್ನು ಕೃತಿಕಾ ಅತ್ತಿಗೆಯ ಕಣ್ಣಂಚಿನಿಂದ ಕಿವಿಯ ಕಡೆಗೆ ಸರಿಸಿದಳು. ಕಮಾನಿನಂತೆ ನುಣ್ಣಗೆ ಬಾಗಿರಬೇಕಾದ ಕೆನ್ನೆಮೂಳೆ ನಡುವೆ ಮುರಿದು ಒಳಕ್ಕೆ ತಗ್ಗಿತ್ತು. "ಮೂಳೆ ಮುರಿದೈತೆ ಅಣ್ಣ."

ತಾಯಿ ಶಕುಂತಲಮ್ಮ ಅರಿಶಿನ ಹಿಡಿದು ಪಕ್ಕದಲ್ಲಿ ಬಗ್ಗಿದಳು. ಅವಳ ಎಡಗೆನ್ನೆಯ ಮೇಲೆ ಗುಳಿಯೊಂದಿತ್ತು. ನಗದಿದ್ದರೂ ಕಾಣುತ್ತಿದ್ದ ಆ ಗುಳಿಯನ್ನು ಅಪ್ಪ ಬಂದವರ ಮುಂದೆಲ್ಲ ಹೊಗಳುತ್ತಿದ್ದ. ಕೃತಿಕಾ ಅಲ್ಲಿ ಬೆರಳಿಟ್ಟಳು. ಅದೇ ಮೂಳೆ, ಅದೇ ಮುರುಕು.

ಶಕುಂತಲಮ್ಮ ಮಗಳ ಕೈ ಸರಿಸಿ ಪಿಸುಗುಟ್ಟಿದಳು: "ಸುಮ್ನಿರವ್ವ. ನಿಮ್ಮಪ್ಪ ಒಳಗದಾರೆ."