ಹೂಂ ಎನ್ನದವನ ಬೀಳ್ಕೊಡುಗೆ

ಕೇಳುವವರು ‘ಹೂಂ’ ಎನ್ನದಿದ್ದರೆ ಈಗ ಯಾರಿಗೂ ನಾಲ್ಕು ಮಾತಿನಾಚೆ ಆಡಲಾಗುವುದಿಲ್ಲ, ಗಂಟಲು ಕಟ್ಟುತ್ತದೆ. ಒಂದು ಹೂಂ ಬಿದ್ದರೆ ಇನ್ನೊಂದು ಮಾತಿಗೆ ದಾರಿ. ಬೀಳದಿದ್ದರೆ ಮತ್ತೆ ಮೊದಲಿನಿಂದ ಹೇಳಬೇಕು.

ನೀರು ಸರಬರಾಜು ಕಚೇರಿಯ ನಮ್ಮ ಸಾಹೇಬ ಮುರಿಗೆಪ್ಪ ಇದನ್ನೇ ನಂಬಿ ಸುಖವಾಗಿ ನೌಕರಿ ಮುಗಿಸಿದ. ದೂರು ಹೇಳಲು ಯಾರೇ ಬರಲಿ, ಬಾಯಿತುಂಬ ಎಲೆಅಡಿಕೆ ತುಂಬಿಕೊಂಡು ಹೂಂ ಎನ್ನದೆ ಕೂರುತ್ತಿದ್ದ. “ನಮ್ ಓಣಿಗೆ ನೀರು ಬಂದಿಲ್ಲ ಸಾಹೇಬ್ರೆ” ಎಂದು ಹನುಮಕ್ಕ ಅದನ್ನೇ ಹೇಳಿ ಹೇಳಿ ಸುಸ್ತಾಗಿ, ಖಾಲಿ ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ನಿನ್ನೆ ಅವನ ಬೀಳ್ಕೊಡುಗೆ. ಶಾಲು ಹೊದೆಸಿಕೊಂಡು ಮೈಕಿನ ಮುಂದೆ ಉಬ್ಬಿ ನಿಂತ.

“ಬಂಧುಗಳೇ, ನಾನು ಜನರ ಸೇವಕ. ಹಗಲು ರಾತ್ರಿ ಅನ್ನದೆ ದುಡಿದೆ. ಬಂದವರ ಕಷ್ಟ ಕೇಳಿದೆ. ಯಾರನ್ನೂ ಬರಿಗೈಲಿ ಕಳಿಸಲಿಲ್ಲ.”

ಅಲ್ಲಿಗೆ ಗಂಟಲು ಕಟ್ಟಿತು. ನಾವೆಲ್ಲ ತಲೆ ತಗ್ಗಿಸಿ ತಟ್ಟೆಯ ಕೇಸರಿಬಾತ್ ನೋಡುತ್ತ ಕೂತೆವು. ಕೆಮ್ಮಿ, “ಬಂಧುಗಳೇ, ನಾನು ಜನರ ಸೇವಕ” ಎಂದು ಮತ್ತೆ ಶುರುಮಾಡಿದ. ಮತ್ತೆ ಅಲ್ಲಿಗೇ ನಿಂತ. ಒಂದು ಹೂಂಗೆ ಗತಿಯಿಲ್ಲದ ಆ ದೊಡ್ಡ ಮನುಷ್ಯ, ಕೊನೆಗೆ ಮುಂದಿನ ಸಾಲಿನಲ್ಲಿದ್ದ ಹೆಂಡತಿಯನ್ನು ಅಂಗಲಾಚುವಂತೆ ನೋಡಿದ.

ಆಕೆ ಎಲೆಅಡಿಕೆಯ ತಟ್ಟೆಯಿಂದ ಎಲೆ ತೆಗೆದುಕೊಂಡು, ನಿಧಾನವಾಗಿ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ ಬಾಯಿಗೆ ಹಾಕಿಕೊಂಡರು.